ಖಾಲಿ ಚಾಪೆ

“ಹದಿನಾರು ದಿನ ಎಲ್ಲಿ ಹೋಯ್ತು?”

ನ್ಯೀಮಾ ಯಾರನ್ನೂ ಕೇಳಲಿಲ್ಲ. ಕಾರಿನ ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದ ಕಡಲೆಕಾಯಿ ಹೊಲಗಳನ್ನು ನೋಡುತ್ತ ಅಂದಳು, ಅಷ್ಟೆ. ಉತ್ತರ ಕೊಟ್ಟವನು ಕಾರು ಓಡಿಸುತ್ತಿದ್ದ ಚಿಕ್ಕಪ್ಪನ ಮಗ ವುಯೇ.

“ಮೊಸಳೆ ಕೊಳಕ್ಕೆ ಒಂದು, ಮಂಗಗಳಿಗೆ ಒಂದು, ದೋಣಿಗೆ ಎರಡು. ಮಿಕ್ಕಿದ್ದೆಲ್ಲ ಸಮುದ್ರ ನುಂಗ್ತು. ನಿಮ್ಮ ನಾರ್ವೇಲಿ ನೀರಿಲ್ವೇನಕ್ಕಾ?”

“ಇದೆ. ಇಳಿದ್ರೆ ಮೂಳೆ ಮರಗಟ್ಟುತ್ತೆ.”

ಹಿಂದಿನ ಸೀಟಿನಲ್ಲಿ ಹತ್ತು ವರ್ಷದ ಮಗಳು ಆವಾ ನಿದ್ದೆಹೋಗಿದ್ದಳು. ಹನ್ನೊಂದು ವರ್ಷಗಳ ಮೇಲೆ ಗ್ಯಾಂಬಿಯಾಕ್ಕೆ ಬಂದ ನ್ಯೀಮಾಳಿಗೆ, ಮಗಳಿಗೆ ಈ ನೆಲ ಹಿಡಿಸಬೇಕೆಂಬುದೇ ದೊಡ್ಡ ಆಸೆ. ಕಡಲತೀರದಲ್ಲಿ ಅವಳು ನಕ್ಕಾಗಲೆಲ್ಲ ಇನ್ನೊಂದು ದಿನ ಇರೋಣ ಅನ್ನಿಸುತ್ತಿತ್ತು. ಪ್ರತಿ ಸಂಜೆ ಊರಿಗೆ ಫೋನು: “ನಾಳೆ ಬರ್ತೀವಿ ಅತ್ತೆ.” ತಾಯಿ ತೀರಿಕೊಂಡ ಮೇಲೆ ನ್ಯೀಮಾಳನ್ನು ಸಾಕಿದವಳು ಸೋದರತ್ತೆ ಫಿಲಿಜೇ. ಮಡಿಲಲ್ಲಿ ಕೂರಿಸಿಕೊಂಡು, ಬೆನ್ನು ತಟ್ಟುತ್ತ, ಕುರಾನಿನ ಸಣ್ಣ ಸೂರಾಗಳನ್ನು ಬಾಯಿಪಾಠ ಮಾಡಿಸಿದವಳು. “ದೇವರು ಮನಸ್ಸು ಮಾಡಿದ್ರೆ” ಎನ್ನುತ್ತಿದ್ದಳೇ ಹೊರತು ಫೋನಿನಲ್ಲಿ ಒಮ್ಮೆಯೂ ದೂರಲಿಲ್ಲ. ದೂರದೇ ಇದ್ದದ್ದೇ ಈಗ ಎದೆ ಹಿಂಡುತ್ತಿತ್ತು. ನಾಳೆ ವಿಮಾನ. ಅತ್ತೆ ತನ್ನನ್ನು ಇನ್ನೂ ಮನೆಮಗಳೆಂದು ಎಣಿಸಿಯಾಳೇ?

ಫಿಲಿಜೇ ಅಂಗಳದಲ್ಲೇ ಕುಳಿತಿದ್ದಳು. ಗಂಡ, ಅತ್ತೆಮನೆ, ಕೆಲಸ, ಚಳಿ, ಎಲ್ಲರ ಎಲ್ಲದರ ಕ್ಷೇಮ ಒಂದೊಂದಾಗಿ ವಿಚಾರಿಸಿದಳು, ಒಂದನ್ನೂ ಬಿಡಲಿಲ್ಲ. ಆಮೇಲೆ, ಅಜ್ಜಿಯರು ಮೊಮ್ಮಕ್ಕಳನ್ನು ಛೇಡಿಸುವ ಅಲ್ಲಿನ ರೂಢಿಯಂತೆ, ಆವಾಳ ಗಲ್ಲ ಹಿಡಿದಳು.

“ಬಾರೇ ಸವತಿ. ನನ್ನ ಗಂಡನ್ನ ಹಾರಿಸ್ಕೊಂಡು ಹೋಗಕ್ಕೆ ಬಂದ್ಯಾ? ಕರ್ಕೊಂಡು ಹೋಗು, ಗೊರಕೆ ತಡೆಯಕ್ಕಾಗಲ್ಲ.”

ಹುಡುಗಿ ಕಿಸಕ್ಕನೆ ನಕ್ಕಳು. ಕಡಲೆಕಾಯಿ ಸಾರು, ಕೋಳಿ, ಅನ್ನ. ಒಂದೇ ಬೋಗುಣಿಯ ಸುತ್ತ ಎಲ್ಲರೂ ಕೂತು ಉಂಡರು. ನ್ಯೀಮಾಳಿಗೆ ಮನಸ್ಸು ಹಗುರಾಯಿತು. ಕೈ ತೊಳೆದು, ಅಡಕೆಯಂತೆ ಜಗಿಯುವ ಕೋಲಾ ಕಾಯಿಯ ಪೊಟ್ಟಣ ಮುಂದಿಟ್ಟಳು.

“ಹಿರಿಯರನ್ನ ಕರೆಸು ಅತ್ತೆ. ಇದನ್ನ ಹಂಚಿ, ನಾವು ಬಂದದ್ದಕ್ಕೆ ಪ್ರಾರ್ಥನೆ ಓದಿಸೋಣ.”

“ಓದಿ ಆಯ್ತು.”

“ಯಾವಾಗ?”

“ಮೊದಲನೇ ಶುಕ್ರವಾರ ಕರೆಸಿದ್ದೆ. ನೀನು ಬರಲಿಲ್ಲ, ಎದ್ದು ಹೋದ್ರು. ಎರಡನೇ ಶುಕ್ರವಾರ ಮತ್ತೆ ಕರೆಸ್ದೆ. ಎಂಟು ಜನ ಮುದುಕ್ರು, ಒಬ್ಬರನ್ನಂತೂ ಕತ್ತೆಗಾಡೀಲಿ ತಂದಿದ್ರು. ನಿನಗೆ ಅಂತ ಹೊಸ ಚಾಪೆ ಹಾಸಿದ್ದೆ. ಎಷ್ಟು ಹೊತ್ತು ಅಂತ ಕೂರಿಸ್ಕೊಳ್ಳಲಿ? ಕೋಲಾ ನಾನೇ ಹಂಚ್ದೆ. ಖಾಲಿ ಚಾಪೆ ಮುಂದೆ ಓದಿದ್ರು, ನಮ್ಮ ಹುಡುಗಿ ಕ್ಷೇಮವಾಗಿ ಮನೆ ಸೇರಿದ್ಲು ಅಂತ.”

ವುಯೇ ಎದ್ದು ಕಾರಿನ ಗಾಜು ಒರೆಸಲು ಹೋದ. ಆ ಹೊತ್ತಿಗೆ ತಾನೆಲ್ಲಿದ್ದೆನೆಂದು ನ್ಯೀಮಾಳಿಗೆ ಚೆನ್ನಾಗಿ ನೆನಪಿತ್ತು. ಹಿನ್ನೀರಿನ ದೋಣಿಯಲ್ಲಿ, ಕಾಲು ಚಾಚಿಕೊಂಡು, ಬೇಯಿಸಿದ ಸಿಂಪಿ ಬಿಡಿಸಿ ತಿನ್ನುತ್ತಿದ್ದಳು.

“ಫೋನಲ್ಲಿ ಒಂದು ಮಾತು ಹೇಳಿದ್ರೆ ಓಡಿ ಬರ್ತಿದ್ದೆ ಅತ್ತೆ.”

“ಮನೆಗೆ ಬಾ ಅಂತ ಮನೆಮಗಳಿಗೂ ಕರೆ ಕಳಿಸ್ಬೇಕಾ?”

ಮಧ್ಯಾಹ್ನದ ನಮಾಜು ಮುಗಿಸಿ ಹೊರಟರು. ಫಿಲಿಜೇ ಕಾರಿನವರೆಗೂ ಬಂದಳು, ಆವಾಳ ನೆತ್ತಿಯ ಮೇಲೆ ಏನೋ ಓದಿ ಊದಿದಳು. ನ್ಯೀಮಾ ಎಡಗೈ ಚಾಚಿದಳು. ಆ ಸೀಮೆಯಲ್ಲಿ ದೂರ ಹೋಗುವವರನ್ನು ಬೀಳ್ಕೊಡುವುದೇ ಎಡಗೈ ಕುಲುಕಿ. ಎಡಗೈ ಕೊಡುವುದು ತಪ್ಪು, ಆ ತಪ್ಪನ್ನು ಬಲಗೈ ಕೊಟ್ಟು ತಿದ್ದುವುದಕ್ಕಾದರೂ ಹೋದವರು ತಿರುಗಿ ಬರಲೇಬೇಕೆಂಬ ನಂಬಿಕೆ.

ಅತ್ತೆ ಬಲಗೈ ಮುಂದೆ ಮಾಡಿದಳು, ಸಂತೆಗೆ ಹೊರಟ ನೆರೆಯವಳಿಗೆ ಕೊಡುವ ಹಾಗೆ.

“ಅದಲ್ಲ ಅತ್ತೆ. ಎಡಗೈ ಕೊಡು.”

“ಎಡಗೈ ಕೊಟ್ಟವಳು ದಾರಿ ಕಾಯ್ತಾ ಕೂರಬೇಕಾಗುತ್ತೆ ಮಗಾ. ಕೊಡಲ್ಲ.”