ಬರೆಯದೆ ಬಿಟ್ಟ ಇನ್ನೂರಿಪ್ಪತ್ಮೂರು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ತಕ್ಕಡಿಯಕ್ಕ ಅಂತಲೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ತೂಕದ ಕೋಣೆ ಅವಳದೇ. ಸೇಬನ್ನು ತೊಳೆದು, ಸಿಪ್ಪೆ ತೆಗೆದು, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಒಣಗಿಸುವ ಕಾರ್ಖಾನೆ ಅದು. ಕತ್ತರಿಸಿದ ಸೇಬಿಗೆ ಗಾಳಿ ಸೋಕಿದರೆ ಸಾಕು, ನೋಡನೋಡುತ್ತ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಹಾಗಾಗದಿರಲೆಂದು ಬಿಲ್ಲೆಗಳನ್ನು ಮೊದಲು ತೊಟ್ಟಿಯಲ್ಲಿ ನೆನೆಸುತ್ತಾರೆ. ಆ ತೊಟ್ಟಿಯ ನೀರಿಗೆ ಒಂದು ಬಿಳಿಯ ಪುಡಿ ಬೀಳುತ್ತದೆ. ಅದರ ಪೂರ್ತಿ ಹೆಸರು ಸೋಡಿಯಂ ಮೆಟಾಬೈಸಲ್ಫೈಟ್. ಅಷ್ಟುದ್ದದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಸೇಬೇ ಕಪ್ಪಾಗಿರುತ್ತದೆ ಅಂತ ಕೆಲಸದವರು ನಗುತ್ತಿದ್ದರು. ಅವರ ಬಾಯಲ್ಲಿ ಅದು ಬರೀ ‘ಇನ್ನೂರಿಪ್ಪತ್ಮೂರು’. ಆಹಾರಕ್ಕೆ ಬೆರೆಸುವ ಪದಾರ್ಥಗಳ ಪಟ್ಟಿಯಲ್ಲಿ ಅದಕ್ಕಿರುವ ಸಂಖ್ಯೆ ಅದು.

ಡಬ್ಬದ ಮುಚ್ಚಳ ತೆಗೆದರೆ ಆಗತಾನೇ ಗೀರಿದ ಬೆಂಕಿಕಡ್ಡಿಯ ವಾಸನೆ ಮೂಗಿಗೆ ಅಡರುತ್ತಿತ್ತು. ತಕ್ಕಡಿಯಕ್ಕ ಮೂಗುಬಾಯಿಗೆ ಮುಸುಕು ಕಟ್ಟಿಕೊಂಡು, ತೊಟ್ಟಿಗಿಷ್ಟು ಅಂತ ತೂಗಿ, ಚೀಟಿ ಬರೆದು ಸಹಿ ಹಾಕುತ್ತಿದ್ದಳು. ಬಿಳಿಯ ಚೀಟಿ ಕಚೇರಿಗೆ, ಅದರ ಹಳದಿ ಪ್ರತಿ ತೂಕದ ಕೋಣೆಯ ಕಡತಕ್ಕೆ. ಪಕ್ಕದ ಕಪಾಟಿನಲ್ಲಿ ನಿಂಬೆಹುಳಿಯ ಪುಡಿ ಇತ್ತು, ಸಿ ಜೀವಸತ್ವದ ಪುಡಿ ಇತ್ತು, ಬೂಷ್ಟು ತಡೆಯುವ ಇನ್ನೊಂದಿತ್ತು. ಯಾವುದೂ ಕಳ್ಳಮಾಲಲ್ಲ. ಇಂತಿಷ್ಟೇ ಹಾಕಬೇಕು, ಹಾಕಿದ್ದನ್ನು ಬರೆಯಬೇಕು ಅನ್ನುವುದು ಕಾನೂನು. ತಕ್ಕಡಿಯಕ್ಕನಿಗೆ ತನ್ನ ಕೆಲಸದ ಬಗ್ಗೆ ಒಂದು ಚೂರು ಹೆಮ್ಮೆಯೇ ಇತ್ತು. ಅವಳ ಕೈಯಲ್ಲಿ ಒಂದು ಗ್ರಾಂ ಆಚೀಚೆ ಆದದ್ದಿಲ್ಲ.

ಮನೆಯಲ್ಲಿ ಅವಳು, ಬಸ್ಸು ಓಡಿಸುವ ಗಂಡ, ಮತ್ತೆ ಅತ್ತೆ. ಈ ಅತ್ತೆ ಮೂವತ್ತು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಅಚ್ಚಾದ ಅಕ್ಷರ ಕಣ್ಣಿಗೆ ಬಿದ್ದರೆ ಓದದೆ ಬಿಡುವ ಜೀವವಲ್ಲ. ಔಷಧಿಯ ಚೀಟಿ, ಬಸ್ಸಿನ ಟಿಕೇಟಿನ ಹಿಂಬದಿ, ಸೋಪಿನ ಹೊದಿಕೆ, ಎಲ್ಲವೂ ಅವಳಿಗೆ ಪಠ್ಯವೇ. ಅದರ ಮೇಲೆ ಅವಳಿಗೆ ಉಬ್ಬಸ. ಬಹಳ ಹಿಂದೆ ಒಮ್ಮೆ ಯಾವುದೋ ಬಾಟಲಿಯ ಹಣ್ಣಿನ ರಸ ಕುಡಿದು ಉಸಿರು ಸಿಕ್ಕಿಕೊಂಡಾಗ, ಡಾಕ್ಟರು ಪರೀಕ್ಷೆ ಮಾಡಿಸಿ, “ನಿಮಗೆ ಈ ಸಲ್ಫೈಟ್ ಜಾತಿಯ ಪುಡಿಗಳು ಆಗಿಬರಲ್ಲ. ಇನ್ನೂರಿಪ್ಪತ್ತರಿಂದ ಇನ್ನೂರಿಪ್ಪತ್ತೆಂಟರವರೆಗಿನ ಸಂಖ್ಯೆ ಕಂಡ್ರೆ ದೂರ ಇಡಿ,” ಅಂದಿದ್ದರು. ಅಂದಿನಿಂದ ಅಂಗಡಿಯಲ್ಲಿ ಪೊಟ್ಟಣದ ಬೆನ್ನು ಓದದೆ ಚೀಲಕ್ಕೆ ಹಾಕಿದವಳಲ್ಲ.

“ನಿನ್ನ ಕಾರ್ಖಾನೆ ಸೇಬು ನೋಡೋಕೆ ಮದುಮಗಳ ಹಾಗಿದೆ, ಆದ್ರೆ ನಂಗೆ ಯಮನ ತಂಗಿ,” ಅಂತ ಅವಳು ಸೊಸೆಯನ್ನು ಛೇಡಿಸುತ್ತಿದ್ದಳು. ಸೊಸೆಯೂ ನಗುತ್ತಿದ್ದಳು. ಓದಿ ದೂರ ಇಟ್ಟರಾಯಿತು, ಅದಕ್ಕೇ ತಾನೆ ಬರೆಯುವುದು.

ಅವತ್ತು ಮಧ್ಯಾಹ್ನ ಪಾಳಿ ಮುಗಿಸಿ ತಕ್ಕಡಿಯಕ್ಕ ಮನೆಗೆ ಬಂದಾಗ ಬಾಗಿಲು ಹಾರುಹೊಡೆದಿತ್ತು. ಅತ್ತೆ ಕುರ್ಚಿಯ ತುದಿಯಲ್ಲಿ, ಎರಡೂ ಕೈಯನ್ನು ಮೊಣಕಾಲಿಗೆ ಊರಿಕೊಂಡು ಕೂತಿದ್ದಳು. ಹೆಗಲೆರಡೂ ಕಿವಿಯವರೆಗೆ ಏರಿ ಇಳಿಯುತ್ತಿದ್ದವು. ತುಟಿ ನೀಲಿಗಟ್ಟಿತ್ತು. ಎದೆಯೊಳಗಿಂದ ಸಿಳ್ಳೆಯಂಥ ಸದ್ದು. ಇನ್ಹೇಲರ್ ನೆಲದ ಮೇಲೆ ಬಿದ್ದಿತ್ತು, ಅಲ್ಲಾಡಿಸಿದರೆ ಖಾಲಿ.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿ, ಕೈಗೆ ಸೂಜಿ ಚುಚ್ಚಿ, ಮೂರ್ನಾಲ್ಕು ಜನ ಸುತ್ತ ನಿಂತರು. ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ಡಾಕ್ಟರಮ್ಮ, “ಏನಾದ್ರೂ ತಿಂದಿದ್ರಾ?” ಅಂತ ಕೇಳಿದರು. ಅತ್ತೆಗೆ ಮಾತು ಹೊರಡಲಿಲ್ಲ. ಬಿಗಿಹಿಡಿದ ಎಡಗೈ ಬಿಚ್ಚಿದಳು. ಅದರೊಳಗೆ ಮುದ್ದೆಯಾದ ಒಂದು ಪೊಟ್ಟಣ. ಅಂಥ ಹೊತ್ತಿನಲ್ಲೂ ಅವಳು ಅದನ್ನು ಕೈಬಿಟ್ಟಿರಲಿಲ್ಲ.

ತಕ್ಕಡಿಯಕ್ಕ ಪೊಟ್ಟಣವನ್ನು ತೊಡೆಯ ಮೇಲಿಟ್ಟು ನೇರಮಾಡಿದಳು. ತನ್ನದೇ ಕಾರ್ಖಾನೆಯ ಗುರುತು. ಆದರೆ ಪೊಟ್ಟಣ ಹೊಸದು, ಅವಳು ನೋಡಿರದ ಹಸಿರು ಬಣ್ಣದ್ದು. ಮುಂದೆ ದೊಡ್ಡಕ್ಷರದಲ್ಲಿ: ‘ಹಣ್ಣು ಮಾತ್ರ. ಬೇರೇನೂ ಇಲ್ಲ.’ ಹಿಂದೆ: ‘ಪದಾರ್ಥಗಳು: ಸೇಬು.’ ಅದರ ಕೆಳಗೆ ತಯಾರಾದ ದಿನಾಂಕ, ತೊಟ್ಟಿಯ ಸಂಖ್ಯೆ.

ಆ ದಿನ, ಆ ತೊಟ್ಟಿಗೆ ಇನ್ನೂರಿಪ್ಪತ್ಮೂರು ತೂಗಿ ಕೊಟ್ಟವಳು ಅವಳೇ. ಅಂಗಾಲಿನಿಂದ ನೆತ್ತಿಯವರೆಗೆ ಬೆಂಕಿ ಹತ್ತಿಕೊಂಡಂತಾಯಿತು. ಡಾಕ್ಟರಮ್ಮ ಪೊಟ್ಟಣ ಓದಿ, “ಇದರಲ್ಲಿ ಏನೂ ಇಲ್ವಲ್ಲ,” ಅಂದರು.

“ಇದೆ,” ಅಂದಳು ತಕ್ಕಡಿಯಕ್ಕ. “ಬರೆದಿಲ್ಲ, ಅಷ್ಟೇ.”

ಕೂತಲ್ಲೇ ಅವಳಿಗೆ ಎಲ್ಲ ನೆನಪಾಯಿತು. ನಾಲ್ಕು ತಿಂಗಳ ಹಿಂದೆ ಮ್ಯಾನೇಜರ್, ಪುಡಿಯಿಲ್ಲದ ಸೇಬಿಗೊಂದು ಹೊಸ ಪೊಟ್ಟಣ ತರುವ ಮಾತೆತ್ತಿ, ಒಂದೇ ಒಂದು ತೊಟ್ಟಿಗೆ ಇನ್ನೂರಿಪ್ಪತ್ಮೂರು ಬೇಡ, ನಿಂಬೆಹುಳಿ ಮತ್ತೆ ಸಿ ಜೀವಸತ್ವ ಹಾಕಿ ಅಂದಿದ್ದ. ಆ ಬಿಲ್ಲೆಗಳು ಪರೀಕ್ಷೆಗೆ ಹೋದವು, ಸಲ್ಫೈಟ್ ಇಲ್ಲ ಅನ್ನುವ ಪ್ರಮಾಣಪತ್ರವೂ ಬಂತು. ಆದರೆ ಹದಿನೈದು ದಿನಕ್ಕೆ ಅವು ಕಂದಿ, ಹಳೇ ಚಪ್ಪಲಿಯ ತೊಗಲಿನಂತಾದವು. ಮಾರನೆಯ ದಿನವೇ “ಮೊದಲಿನ ಹಾಗೇ ಹಾಕಿ” ಅನ್ನುವ ಆಜ್ಞೆ. ಹಾಗಾದರೆ ಹೊಸ ಪೊಟ್ಟಣದ ಮಾತು ನಿಂತುಹೋಯಿತು ಅಂತ ಅವಳು ತಿಳಿದಿದ್ದಳು. ಪೊಟ್ಟಣ ಕಟ್ಟುವ ಷೆಡ್ಡು ಅಂಗಳದ ಆಚೆ ತುದಿಗೆ. ಅವಳು ಅತ್ತ ಹೋಗುವುದೇ ಅಪರೂಪ. ಊಟದ ಹೊತ್ತಿನಲ್ಲಿ ಯಾರೋ “ಹೊಸ ಪೊಟ್ಟಣ ಚೆನ್ನಾಗಿದೆ” ಅಂದದ್ದು ಕಿವಿಗೆ ಬಿದ್ದಿತ್ತು. ಏನು ಬರೆದಿದೆ ಅಂತ ಅವಳು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮುಖವಾಡ ತೆಗೆದರು. ಅತ್ತೆ ದಿಂಬಿಗೆ ಒರಗಿ ಸೊಸೆಯನ್ನೇ ನೋಡಿದಳು.

“ನಾನು ಎರಡು ಸಲ ಓದಿದೆ ಕಣೇ,” ಅಂದಳು. ದನಿ ಇನ್ನೂ ಒಡೆದಿತ್ತು. “ಸೊಸೆ ಕಾರ್ಖಾನೆ ಸೇಬು, ಕೊನೆಗೂ ನಂಗೆ ತಿನ್ನೋ ಯೋಗ ಬಂತು ಅಂತ ಖುಷಿಯಾಗಿ ತಗೊಂಡೆ. ನಿಂಗೆ ಗೊತ್ತಿತ್ತಾ?”

“ಪುಡಿ ಹಾಕ್ತಾ ಇದ್ದದ್ದು ಗೊತ್ತಿತ್ತು ಅತ್ತೆ. ಹೀಗೆ ಬರೆದಿದ್ದು ಗೊತ್ತಿರ್ಲಿಲ್ಲ.”

“ಕೇಳಬಹುದಿತ್ತು.”

“ಹೌದು,” ಅಂದಳು ಸೊಸೆ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೊದಲು ತನ್ನ ಮೇಲೆ, ಆಮೇಲೆ ಬರಬೇಕಾದವರ ಮೇಲೆ.

ಆಸ್ಪತ್ರೆಯಿಂದ ನೇರ ಕಾರ್ಖಾನೆಗೆ ಹೋದಳು. ಕೆಲಸದವರು ಮ್ಯಾನೇಜರನಿಗೆ ನಗುಮುಖ ಅಂತ ಹೆಸರಿಟ್ಟಿದ್ದರು. ಬಯ್ಯುವಾಗಲೂ, ಕೆಲಸದಿಂದ ತೆಗೆಯುವಾಗಲೂ ಅವನ ಹಲ್ಲು ಕಾಣುತ್ತಿದ್ದವು. ಅವಳು ಪೊಟ್ಟಣವನ್ನು ಅವನ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದಳು.

“ಅಯ್ಯೋ ಪಾಪ. ಈಗ ಹುಷಾರಾಗಿದಾರೆ ತಾನೆ?” ಅಂದ ನಗುಮುಖ. “ನೋಡಮ್ಮಾ, ವಯಸ್ಸಾದೋರಿಗೆ ಉಬ್ಬಸ ಬರೋದು ಹೊಸದೇನಲ್ಲ. ನೀವೇ ದಿನಾ ತೂಗ್ತೀರಿ. ಅದೇನು ವಿಷವಾ? ಪ್ರಪಂಚವೆಲ್ಲ ತಿಂತಾ ಇದೆ.”

“ವಿಷ ಅಂತ ನಾನೆಲ್ಲಿ ಹೇಳ್ದೆ ಸಾರ್? ತಿಂದೋರಲ್ಲಿ ಹೆಚ್ಚಿನೋರಿಗೆ ಏನೂ ಆಗಲ್ಲ. ಆಗೋ ಕೆಲವರಿಗೆ ಗೊತ್ತಾಗ್ಲಿ ಅಂತ ತಾನೆ ಬರೆಯೋದು? ಹಾಕಿದ್ರೆ ಹಾಕಿದೀವಿ ಅಂತ ಬರೀರಿ. ಬರೆಯೋಕೆ ನಾಚಿಕೆಯಾದ್ರೆ ಹಾಕ್ಬೇಡಿ.”

“ಬರೆದ್ರೆ ಯಾರು ಕೊಳ್ತಾರೆ? ಜನ ಸಂಖ್ಯೆ ಕಂಡ್ರೆ ಹಾವು ಕಂಡ ಹಾಗೆ ಹಾರ್ತಾರೆ. ಹಾಕದೇ ಇದ್ರೆ ಕಪ್ಪಗಿದೆ ಅಂತ ಮುಟ್ಟಲ್ಲ. ಬಿಳೀ ಸೇಬೂ ಬೇಕು, ಪುಡಿಯೂ ಬೇಡ ಅಂದ್ರೆ ನಾನು ಮಂತ್ರ ಹಾಕ್ಲಾ?”

“ಅದನ್ನ ಕೊಳ್ಳೋರಿಗೇ ಕೇಳಿ. ಅವರಿಗೆ ಸುಳ್ಳು ಹೇಳಿ, ಅವರು ಕೇಳಿದ್ದೇ ಕೊಟ್ಟೆ ಅನ್ಬೇಡಿ. ನಮ್ಮತ್ತೆ ಅಕ್ಷರ ನಂಬಿ ತಿಂದ್ರು ಸಾರ್. ಕುಡಿದು ಬಿದ್ದೋರಲ್ಲ, ಪಥ್ಯ ತಪ್ಪಿಸಿದೋರಲ್ಲ. ಓದಿ, ನಂಬಿ ತಿಂದ್ರು!”

ಅವಳ ದನಿ ಕಚೇರಿ ದಾಟಿ ಅಂಗಳಕ್ಕೆ ಹೋಯಿತು. ನಗುಮುಖ ಎದ್ದು ಕಿಟಕಿ ಮುಚ್ಚಿದ. “ಒಂದು ವಾರ ರಜೆ ತಗೊಳ್ಳಿ,” ಅಂದ. “ಬಂದ ಮೇಲೆ ಮೇಲ್ವಿಚಾರಕಿ ಕೆಲಸದ ಬಗ್ಗೆ ಮಾತಾಡೋಣ. ನಿಮ್ಮಂಥೋರು ಮೇಲೆ ಬರಬೇಕು.”

ಬಯ್ದಿದ್ದರೆ ಅವಳು ಸುಮ್ಮನಾಗುತ್ತಿದ್ದಳೋ ಏನೋ. ಈ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಮೂಗಿಗೆ ತುಪ್ಪ ಸವರುವುದಕ್ಕೂ ಒಂದು ಹೊತ್ತು ಗೊತ್ತು ಬೇಡವೇ? ಅವಳು ತೂಕದ ಕೋಣೆಗೆ ಹೋಗಿ, ಕಡತ ಬಿಚ್ಚಿ, ನಾಲ್ಕು ತಿಂಗಳ ಹಳದಿ ಚೀಟಿಗಳನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ನಿಂತಿದ್ದ ತೊಟ್ಟಿಯ ಕೆಲಸದವನು, “ಅಕ್ಕಾ, ಸುಮ್ನೆ ಮೈಮೇಲೆ ಎಳ್ಕೋಬೇಡ,” ಅಂದ. “ನೀನೂ ಸಹಿ ಹಾಕಿದೀಯ.”

“ಅದಕ್ಕೇ ತಗೊಂಡು ಹೋಗ್ತಿರೋದು,” ಅಂದಳು.

ಆಹಾರ ಸುರಕ್ಷತೆಯ ಕಚೇರಿಗೆ ಹೋಗುವಾಗ ಅತ್ತೆ ತಾನೂ ಬರುತ್ತೇನೆ ಅಂತ ಹಟ ಹಿಡಿದಳು. ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತಷ್ಟೇ. “ಉಸಿರು ಕಟ್ಟಿದ್ದು ನಂಗೆ, ದೂರು ಕೊಡೋದು ನೀನಾ?” ಅಂದಳು. ಎರಡನೆಯ ಮಹಡಿಗೆ ಹತ್ತುವಾಗ ನಾಲ್ಕು ಕಡೆ ನಿಂತಳು. ಅಲ್ಲಿನ ಅಧಿಕಾರಿ ಕಡತಗಳ ಮಧ್ಯದಿಂದ ತಲೆಯೆತ್ತದೆ ಒಂದು ನಮೂನೆ ಚಾಚಿದ. ಅತ್ತೆ ಅದನ್ನು ಓದಿ, “ಮೊದಲನೇ ಪುಟದಲ್ಲೇ ಮೂರು ತಪ್ಪಿದೆಯಲ್ಲಪ್ಪ,” ಅಂದಳು. “ದೂರುದಾರ ಅನ್ನೋದಕ್ಕೆ ದಾರದೂರ ಅಂತ ಅಚ್ಚಾಗಿದೆ. ಇದನ್ನೂ ಯಾರೂ ಓದಿಲ್ಲ ಅನ್ಸತ್ತೆ.”

ಅವನು ಆಗ ತಲೆಯೆತ್ತಿದ. “ಸಣ್ಣ ಪ್ರಮಾಣ ಇದ್ರೆ ಬರೆಯೋ ಅಗತ್ಯ ಇರಲ್ಲ ಅಮ್ಮಾ,” ಅಂತ ಜಾರಿಕೊಳ್ಳಲು ನೋಡಿದ.

ತಕ್ಕಡಿಯಕ್ಕ ಚೀಲ ಮಗುಚಿದಳು. ಹಳದಿ ಚೀಟಿಗಳು ಮೇಜಿನ ತುಂಬ ಹರಡಿದವು. “ಸಣ್ಣದೋ ದೊಡ್ಡದೋ ನೀವೇ ನೋಡಿ. ಒಂದೊಂದು ತೊಟ್ಟಿಗೂ ತೂಕ ಇದೆ, ದಿನಾಂಕ ಇದೆ. ಪೊಟ್ಟಣದ ಮೇಲೂ ಅದೇ ಸಂಖ್ಯೆ. ತಾಳೆ ಹಾಕಿ. ನಾನು ಹಾಕಿದ್ದೇ, ಸುಳ್ಳಲ್ಲ. ನನ್ನ ಮೇಲೂ ಬರ್ಕೊಳ್ಳಿ.”

ಅಧಿಕಾರಿ ಒಂದೊಂದೇ ಚೀಟಿ ತಿರುವಿದ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅವನ ಬೆನ್ನು ನೆಟ್ಟಗಾಗಿತ್ತು.

ಮೂರನೆಯ ದಿನ ತಪಾಸಣೆಯವರು ಬಂದರು. ಗೋದಾಮಿನಿಂದ ಹಸಿರು ಪೊಟ್ಟಣಗಳನ್ನು ತೆಗೆದು ಮೊಹರು ಹಾಕಿದರು. ನಗುಮುಖ ಅವರ ಹಿಂದೆ ಮುಂದೆ ಸುಳಿಯುತ್ತ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, “ನಮ್ಮ ಸೂತ್ರದಲ್ಲಿ ಆ ಪುಡಿ ಇಲ್ಲವೇ ಇಲ್ಲ ಸಾರ್. ತೂಕದ ಕೋಣೆಯವರು ಅಭ್ಯಾಸಬಲದಿಂದ ಹಾಕಿಬಿಟ್ಟಿರಬೇಕು. ಓದು ಕಡಿಮೆ, ಪಾಪ,” ಅಂದ.

ಸಿಪ್ಪೆ ತೆಗೆಯುತ್ತಿದ್ದ ಯಂತ್ರಗಳು ಒಂದೊಂದಾಗಿ ನಿಂತವು. ತಕ್ಕಡಿಯಕ್ಕ ಎಲ್ಲರೆದುರೇ ನಡೆದುಬಂದು, ತಪಾಸಣೆಯವರ ಕಡತದಿಂದ ಒಂದು ಹಳದಿ ಚೀಟಿ ಎತ್ತಿ ಅವನ ಮುಖದ ಮುಂದೆ ಹಿಡಿದಳು.

“ಓದು ಜಾಸ್ತಿ ಇರೋರು ಇದನ್ನ ಓದಿ ಸಾರ್. ನನ್ನ ಸಹಿ ಇಲ್ಲಿದೆ. ಅದರ ಕೆಳಗೆ ‘ಒಪ್ಪಿದೆ’ ಅಂತ ಇರೋ ಜಾಗದಲ್ಲಿ ಯಾರದು? ಒಂದು ಚೀಟೀಲಿ ಕೈತಪ್ಪು ಅನ್ನಿ, ಒಪ್ಕೋತೀನಿ. ತೊಂಬತ್ತಾರು ಚೀಟೀಲೂ ನಿಮ್ಮ ಕೈ ತಪ್ಪಿತಾ?”

ಅವನ ಹಲ್ಲು ಮೊದಲ ಸಲ ಕಾಣಲಿಲ್ಲ. ಆಗ ಪೊಟ್ಟಣ ಕಟ್ಟುವ ಷೆಡ್ಡಿನ ಹಿರಿಯ ಹೆಂಗಸೊಬ್ಬಳು, ಹನ್ನೊಂದು ವರ್ಷದಲ್ಲಿ ನಾಲ್ಕು ಮಾತು ಆಡಿರದವಳು, ಮುಂದೆ ಬಂದಳು. “ಪುಡಿ ಹಾಕಿದ ಬಿಲ್ಲೆಗೆ ಹಳೇ ಪೊಟ್ಟಣ ತಾನೆ ಅಂತ ನಾನೇ ಕೇಳಿದ್ದೆ,” ಅಂದಳು ತಪಾಸಣೆಯವರಿಗೆ. “ಬಾಯಿ ಮುಚ್ಕೊಂಡು ತುಂಬು ಅಂದ್ರು. ಮುಚ್ಕೊಂಡೇ ತುಂಬಿದೆ. ನನ್ನ ಮೊಮ್ಮಗಳಿಗೂ ಉಬ್ಬಸ ಇದೆ.”

ಪರೀಕ್ಷೆಯ ಫಲಿತಾಂಶ ಬಂದಾಗ ಇನ್ನೂರಿಪ್ಪತ್ಮೂರು ಬರೆಯಲೇಬೇಕಾದ ಮಿತಿಯನ್ನು ಎಷ್ಟೋ ಪಟ್ಟು ದಾಟಿತ್ತು. ಅಂಗಡಿಗಳಿಂದ ಹಸಿರು ಪೊಟ್ಟಣಗಳನ್ನು ವಾಪಸು ತರಿಸಿದರು. ಕಾರ್ಖಾನೆಗೆ ದಂಡ ಬಿತ್ತು. ನಗುಮುಖನನ್ನು ಮಾಲೀಕರು ಬೇರೆ ಊರಿನ ಘಟಕಕ್ಕೆ ಕಳಿಸಿದರು. ಅಲ್ಲಿ ಅವನಿಗೆ ಇನ್ನೂ ದೊಡ್ಡ ಕೋಣೆ ಕೊಟ್ಟಿದ್ದಾರಂತೆ ಅಂತ ಸುದ್ದಿ. ತಕ್ಕಡಿಯಕ್ಕನಿಗೆ ಎಚ್ಚರಿಕೆಯ ಪತ್ರ ಬಂತು. ಕಾಗದಪತ್ರ ಹೊರಗೆ ಒಯ್ದ ತಪ್ಪಿಗೆ ತೂಕದ ಕೋಣೆಯಿಂದ ತೆಗೆದು ಹಣ್ಣು ತೊಳೆಯುವ ಕಡೆಗೆ ಹಾಕಿದರು. ದಿನವಿಡೀ ತಣ್ಣೀರಿನಲ್ಲಿ ಕೈ. ಎರಡೇ ವಾರಕ್ಕೆ ಬೆರಳ ಸಂದು ಬಿರಿಯಿತು.

ಎರಡು ತಿಂಗಳ ಮೇಲೆ ಮತ್ತೊಂದು ಪೊಟ್ಟಣ ಬಂತು. ಹಿಂದೆ ಸ್ಪಷ್ಟವಾಗಿ ಬರೆದಿತ್ತು: ಸೇಬು, ಸಂರಕ್ಷಕ ಇನ್ನೂರಿಪ್ಪತ್ಮೂರು, ಸಲ್ಫೈಟ್ ಇದೆ. ಮಾರಾಟ ನೆಲ ಕಚ್ಚುತ್ತದೆ ಅಂತ ಕಚೇರಿಯವರು ಗೋಳಾಡಿದ್ದರು. ಏನೂ ಆಗಲಿಲ್ಲ. ತಿನ್ನುವವರು ತಿಂದರು, ಆಗದವರು ಓದಿ ಕೆಳಗಿಟ್ಟರು. ಲಾರಿಗಳು ಮೊದಲಿನಷ್ಟೇ ಬಂದವು, ತುಂಬಿಕೊಂಡು ಹೋದವು.

ಅವತ್ತು ಸಂಜೆ ಆ ಪೊಟ್ಟಣವನ್ನು ಅವಳು ಮನೆಗೆ ತಂದು ಮೇಜಿನ ಮೇಲೆ ಕುಕ್ಕಿದಳು. ಗಂಡ, “ಇನ್ನೇನು, ನೀನು ಹೇಳಿದ ಹಾಗೇ ಆಯ್ತಲ್ಲ. ಇನ್ನಾದ್ರೂ ಸಿಟ್ಟು ಬಿಡು,” ಅಂದ.

“ಹೇಗೆ ಬಿಡ್ಲಿ?” ಅಂದಳು ಅವಳು. “ಒಂದು ಸಾಲು ರೀ. ಬೆರಳುದ್ದದ ಒಂದು ಸಾಲು. ಇಷ್ಟನ್ನ ಬರೆಯೋಕಾಗದೆ ಒಂದು ಜೀವ ಹೋಗ್ತಿತ್ತು. ನಮ್ಮನೇಲಿ ಉಳೀತು. ನಾಲ್ಕು ತಿಂಗಳು ಮಾರಿದ್ದಾರೆ, ಇನ್ನೆಷ್ಟು ಮನೇಲಿ ಏನೇನಾಯ್ತೋ ಯಾರಿಗೆ ಗೊತ್ತು? ಅವರಿಗೆ ಯಾಕೆ ಹಾಗಾಯ್ತು ಅಂತಾನೂ ಗೊತ್ತಾಗಿರಲ್ಲ.”

ಅತ್ತೆ ಒಳಗಿನಿಂದ ಎಣ್ಣೆಯ ಬಟ್ಟಲು ತಂದು ಸೊಸೆಯ ಪಕ್ಕ ಕೂತಳು. ಬಿರಿದ ಬೆರಳುಗಳನ್ನು ಒಂದೊಂದಾಗಿ ಹಿಡಿದು ಎಣ್ಣೆ ಸವರತೊಡಗಿದಳು.

“ಬಿಡಬೇಡ,” ಅಂದಳು. “ನನ್ನ ಮಗನ ಮಾತು ಕೇಳ್ಬೇಡ. ಆ ಸಿಟ್ಟು ಇಟ್ಕೋ.”