ಮಾಡಿನ ನೆತ್ತಿಯ ಅಂಗಿ

“ನೆರೆಮನೆ ಅಂಗಿ ಬರೋ ತನಕ ನಾನು ಇಳಿಯಲ್ಲ!” ಎಂದು ಮಾಡಿನ ನೆತ್ತಿಯಿಂದ ರಾಗಿಬ್ ಕೂಗಿದ. “ಬಡಗಿ ಕಾಗೆ ಥರ ಮೇಲೇ ಕೂತಿದಾನೆ ಅಂತ ಊರಿಗೆಲ್ಲ ಹೇಳಿ, ದೇವ್ಲೆತಕ್ಕ!”

“ಊರೆಲ್ಲಿದೆಯೋ ಹೇಳೋಕೆ?” ಎಂದಳು ಮುದುಕಿ, ಕಾಫಿ ಬೀಜ ಅರೆಯುವುದನ್ನು ನಿಲ್ಲಿಸದೆ.

ವಿಂಕೋ ಇಬ್ಬರ ನಡುವೆ ನಿಂತಿದ್ದ. ಎರಡು ಕಡೆಯವರ ನಡುವೆ ನಿಲ್ಲುವುದೇ ಅವನ ಉದ್ಯೋಗ. ಯುದ್ಧ ಮುಗಿದ ಬೋಸ್ನಿಯಾವನ್ನು ಮತ್ತೆ ಕಟ್ಟಲೆಂದು ಸ್ಲೊವೇನಿಯಾ ಸರ್ಕಾರ ಅವನನ್ನು ರಾಯಭಾರಿಯಾಗಿ ಕಳಿಸಿತ್ತು. ಬಂದಾಗ ಕಪ್ಪಗಿದ್ದ ಕೂದಲು ಇಲ್ಲೇ ಬೆಳ್ಳಗಾಯಿತು. ಈ ರಾತ್ರಿ ಅವನಿಗೆ ಬೀಳ್ಕೊಡುಗೆ ಊಟ. ಮುಂದಿನ ವಾರ ಅವನ ಕುರ್ಚಿಯಲ್ಲಿ ಬೇರೊಬ್ಬ.

ಇಲ್ಲಿನ ಪದ್ಧತಿಯಂತೆ, ಹೊಸ ಮನೆಗೆ ಮಾಡು ಎದ್ದ ದಿನ ನೆರೆಯವರು ಅಂಗಿ, ಟವೆಲು ತಂದುಕೊಡಬೇಕು. ಬಡಗಿ ಅವನ್ನು ನೆತ್ತಿಯ ತೊಲೆಗೆ ಕಟ್ಟಿ, ಕೊಟ್ಟವರ ಹೆಸರನ್ನು ಊರಿಗೇ ಕೇಳುವಂತೆ ಕೂಗಿ ಹರಸಬೇಕು. ಆಮೇಲೆ ಬಟ್ಟೆ ಅವನದು. ಮನೆ ಊರಿಗೆ ಸೇರಿದಂತೆ.

ತೊಲೆಯ ಮೇಲೆ ದೇವ್ಲೆತಾಳ ಮಗಳು ಪಟ್ಟಣದಿಂದ ಕಳಿಸಿದ ಟವೆಲು ಇತ್ತು. ಅವಳ ಅಳಿಯನ ಒಂದು ಅಂಗಿ ಇತ್ತು. ಈ ಯಾಸೆನಾ ಹಳ್ಳಿಯವರದು ಏನೂ ಇರಲಿಲ್ಲ. ರಸ್ತೆಯ ಈ ಬದಿಯ ಮುಸ್ಲಿಮರ ಮನೆಗಳೆಲ್ಲ ಸುಟ್ಟಿದ್ದವು, ಹಿಂದಿರುಗಿದವಳು ಇವಳೊಬ್ಬಳೇ. ಆ ಬದಿಯಲ್ಲಿ, ಎದುರಿಗೇ, ಸ್ತೋಯ್ಕಾಳ ಮನೆ. ಸರ್ಬರದು. ಅದಕ್ಕೆ ಏನೂ ಆಗಿರಲಿಲ್ಲ, ಅಥವಾ ಹೊರಗಿನಿಂದ ಹಾಗೆ ಕಾಣುತ್ತಿತ್ತು.

“ಅವಳ ಮಾಡು ಎದ್ದಾಗ ಮೊದಲ ಅಂಗಿ ನಂದು,” ಎಂದು ಬೆಳಿಗ್ಗೆಯೇ ದೇವ್ಲೆತಾ ಹೇಳಿದ್ದಳು. “ನಂಗೆ ಅವಳು ತಂದ್ರೆ ಇಲ್ಲಿರ್ತೀನಿ. ತರಲಿಲ್ವೋ, ಸಂಜೆ ಬಸ್ಸಿಗೆ ಮಗಳ ಮನೆಗೆ. ಈ ಮನೇಲಿ ನಿನ್ನ ಸರ್ಕಾರ ಬೇಕಾದ್ರೆ ಕುರಿ ಕಟ್ಟಲಿ.”

“ಅಷ್ಟಕ್ಕೇ ಮನೆ ಬಿಡೋದಾ, ಅಮ್ಮಾ?”

“ಗೋಡೆ ಜೊತೆ ಮಾತಾಡೋಕೆ ಮಗಳ ಮನೇಲೂ ಗೋಡೆ ಇದೆ, ಮಗಾ.”

ಗಂಟು ಕಟ್ಟಿ ಹೊಸ್ತಿಲ ಮೇಲೆ ಇಟ್ಟೂ ಆಗಿತ್ತು.

ವಿಂಕೋ ಎಷ್ಟೋ ಸೇತುವೆ ಕಟ್ಟಿಸಿದ್ದ. ಪ್ರತಿಯೊಂದರ ಮುಂದೂ ಕತ್ತರಿ ಹಿಡಿದು ನಿಂತ ಅವನ ಫೋಟೋ ಇತ್ತು. ಶಾಲೆ, ನೀರಿನ ಕೊಳವೆ, ವಿದ್ಯುತ್ ಕಂಬ, ಎಲ್ಲದರ ಮುಂದೆಯೂ ಅದೇ ನಗು. ಆದರೆ ಈ ಮುದುಕಿ ಒಂದು ಗುಡಾರ ಹೊತ್ತು ತಂದು, ಅಡುಗೆಮನೆ ಇದ್ದ ಜಾಗದಲ್ಲಿ ಬೆಳೆದಿದ್ದ ಪ್ಲಮ್ ಮರವನ್ನು ಮುಟ್ಟಿ “ನೀನು ಇರು, ನಾನು ಪಕ್ಕದಲ್ಲಿ ಒಲೆ ಹಾಕ್ತೀನಿ” ಎಂದದ್ದನ್ನು ಕಂಡ ದಿನ ಅವನು ನಿಂತಲ್ಲೇ ನಿಂತುಬಿಟ್ಟಿದ್ದ. ಬೆಟ್ಟದ ಬುಡದಿಂದ ಮೇಲೆ ನೋಡುವವನ ಹಾಗೆ. ಅದನ್ನು ಅವನು ಯಾವ ವರದಿಯಲ್ಲೂ ಬರೆಯಲಿಲ್ಲ.

ಈಗ ಹಸಿ ಪೈನ್ ಮರದ ವಾಸನೆ ಅಂಗಳವೆಲ್ಲ ತುಂಬಿತ್ತು. ಮಾಡಿನ ತೊಲೆಗಳು ಆಕಾಶಕ್ಕೆ ಜೋಡಿಸಿದ ಕೈಗಳಂತಿದ್ದವು. ಒಂದು ಅಂಗಿಯಿಂದ ಇದೆಲ್ಲ ಹಾಳಾಗುವುದೆ?

ಅವನು ರಸ್ತೆ ದಾಟಿದ.

ಸ್ತೋಯ್ಕಾ ಅಂಗಳದ ಒಲೆಯ ಮೇಲೆ ಕೆಂಪು ದಪ್ಪ ಮೆಣಸಿನಕಾಯಿ ಸುಡುತ್ತಿದ್ದಳು. ತಲೆ ಎತ್ತಲಿಲ್ಲ.

“ಬಡಗಿ ಕೂಗ್ತಿರೋದು ಕೇಳಿಸ್ತಿದೆ ಅಲ್ವಾ?”

“ಕಿವಿ ಚೆನ್ನಾಗಿದೆ.”

“ಮಾಡು ಎದ್ದಿದೆ.”

“ಕಣ್ಣೂ ಚೆನ್ನಾಗಿದೆ.”

“ಒಂದು ಅಂಗಿ...”

ಅವಳು ಇಕ್ಕಳ ಕೆಳಗಿಟ್ಟಳು. “ಕೇಳ್ಕೊಂಡು ಬಾ ಅಂತ ಅವಳು ಕಳಿಸಿದ್ಲಾ?”

“ಇಲ್ಲ, ನಾನೇ ಬಂದೆ.”

“ಹಾಗಾದ್ರೆ ನೀವೇ ಹೋಗಿ.”

ಅವನು ಹೋಗಲಿಲ್ಲ. ಎದ್ದು ಹೋಗದೆ ಕೂತಿರುವುದರಿಂದಲೇ ಅವನಿಗೆ ಎಷ್ಟೋ ಸಹಿಗಳು ಸಿಕ್ಕಿದ್ದವು.

“ಈ ಮನೇಲಿರೋ ಗಂಡಸಿನ ಅಂಗಿ ಒಂದೇ,” ಎಂದಳು ಅವಳು, ಮೆಣಸಿನಕಾಯಿಗೆ ಹೇಳುವವಳಂತೆ. “ಪೆಟ್ಟಿಗೇಲಿದೆ. ಹಾಕ್ಕೊಳ್ಳೋನು, ನನ್ನ ಮಗ, ಗುಡ್ಡದ ಮೇಲೆ ಮಣ್ಣಲ್ಲಿದಾನೆ. ಯುದ್ಧಕ್ಕೆ ಹೋಗುವಾಗ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ.”

ಮಾತು ಸಿಗದಾಗ ವಿಂಕೋ ಏನನ್ನಾದರೂ ಕೊಡಲು ಮುಂದಾಗುತ್ತಿದ್ದ.

“ನನ್ನ ಹತ್ರ ಒಂದಿದೆ. ಕಾರಿನಲ್ಲಿ. ಹೊಸದು. ಅದನ್ನೇ ನಿಮ್ಮ ಹೆಸರಲ್ಲಿ...”

ಅವಳು ಮೊದಲ ಸಲ ಅವನನ್ನು ದಿಟ್ಟಿಸಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

“ಒಳ್ಳೇ ಮನುಷ್ಯರು ನೀವು. ಹೋಗಿ. ಮೆಣಸಿನಕಾಯಿ ಸೀದುಹೋಗತ್ತೆ.”

ಇಲ್ಲ ಎಂದೇ ಅವನು ಅರ್ಥ ಮಾಡಿಕೊಂಡ. ಮಾತುಕತೆಯ ಮೇಜಿನಲ್ಲಿ ಇದಕ್ಕಿಂತ ಮೆತ್ತಗಿನ ಮಾತುಗಳನ್ನೂ ಅವನು ಇಲ್ಲ ಎಂದೇ ಓದಿದ್ದ.

ಬೆಟ್ಟದ ನೆರಳು ಇಳಿದು ಅಂಗಳ ಮುಟ್ಟಿತು. ದೇವ್ಲೆತಾ ಕಾಫಿಗೆ ನೀರಿಟ್ಟಳು. “ನಿಂಗೊಂದು ಲೋಟ ಮಾಡಿಕೊಟ್ಟು ಹೊರಡ್ತೀನಿ,” ಎಂದಳು. ದೂರದ ತಿರುವಿನಲ್ಲಿ ಬಸ್ಸು ಏದುಸಿರು ಬಿಡುವುದು ಕೇಳಿಸಿತು.

ವಿಂಕೋಗೆ ಒಂದು ಹಳೆಯ ಉಪಾಯ ಗೊತ್ತಿತ್ತು. ಆ ಕಡೆಯವರು ಒಪ್ಪಿದ್ದಾರೆಂದು ಈ ಕಡೆಯವರಿಗೆ ಹೇಳುವುದು. ಈ ಕಡೆಯವರು ಒಪ್ಪಿದ್ದಾರೆಂದು ಆ ಕಡೆಯವರಿಗೆ. ಸುಳ್ಳೆಂದು ತಿಳಿಯುವ ಹೊತ್ತಿಗೆ ಇಬ್ಬರ ಸಹಿಯೂ ಒಣಗಿರುತ್ತಿತ್ತು. ಮೂರು ಸೇತುವೆಗಳು ಹಾಗೆ ಎದ್ದು, ಇನ್ನೂ ನಿಂತಿದ್ದವು.

ಅವನು ಕಾರಿನಿಂದ ರಾತ್ರಿಯ ಊಟಕ್ಕೆಂದು ತಂದಿದ್ದ ಬಿಳಿ ಅಂಗಿ ತೆಗೆದು, ಏಣಿ ಹತ್ತಿ, ರಾಗಿಬ್‌ನ ಕೈಗಿತ್ತ.

“ಯಾರದು ರಾಯಭಾರಿಗಳೇ?”

“ಸ್ತೋಯ್ಕಾ ಮನೆಯದು.”

ರಾಗಿಬ್ ಕಾಲರನ್ನು ಬೆರಳಲ್ಲಿ ಉಜ್ಜಿದ. “ಆಹಾ, ಮೆಣಸಿನಕಾಯಿ ಸುಡೋ ಮನೇಲಿ ಇಷ್ಟು ಗಂಜಿ ಹಾಕಿ ಇಸ್ತ್ರಿ ಮಾಡ್ತಾರಾ?”

“ಕೂಗಪ್ಪಾ.”

ರಾಗಿಬ್ ಬೇರೆ ಊರಿನವನು. ಅವನಿಗೆ ಯಾರ ಮನೆಯ ಕಥೆಯೂ ಗೊತ್ತಿರಲಿಲ್ಲ. ಅಂಗಿಯ ತೋಳುಗಳನ್ನು ಚಾಚಿ ಅದನ್ನು ತೊಲೆಯ ತುದಿಗೆ ಕಟ್ಟಿದ. ಎದ್ದು ನಿಂತು ಎದೆ ತುಂಬ ಉಸಿರೆಳೆದುಕೊಂಡ.

“ಕೇಳಿರಪ್ಪೋ! ಅಂಗಿ ಬಂತು! ನೆರೆಮನೆ ಸ್ತೋಯ್ಕಾ ಕೊಟ್ಟಿದ್ದು! ಹಿಮಕ್ಕಿಂತ ಬೆಳ್ಳಗಿದೆ! ಅವಳ ಕಣಜ ತುಂಬಿರಲಿ! ಅವಳ ಗಂಡುಮಕ್ಕಳು ನೂರು ವರ್ಷ ಬಾಳಲಿ!”

ದನಿ ಎದುರು ಬೆಟ್ಟಕ್ಕೆ ಹೋಗಿ ತಿರುಗಿ ಬಂತು. ನೂರು ವರ್ಷ. ವಿಂಕೋ ಏಣಿಯ ಮೇಲೆಯೇ ಹಿಂದೆ ತಿರುಗಿ ನೋಡಿದ.

ರಸ್ತೆಯ ನಡುವೆ ಸ್ತೋಯ್ಕಾ ನಿಂತಿದ್ದಳು.

ತಲೆಗೆ ಒಗೆದ ವಸ್ತ್ರ ಕಟ್ಟಿದ್ದಳು. ಮಸಿ ತೊಳೆದ ಎರಡೂ ಅಂಗೈಗಳ ಮೇಲೆ, ನಿದ್ದೆ ಹೋದ ಕೂಸನ್ನು ಹಿಡಿದಂತೆ, ಮಡಿಸಿದ ನೀಲಿ ಚೌಕಳಿಯ ಅಂಗಿ.

ಅವನಿಗೆ ಇಷ್ಟು ವರ್ಷ ತಾನು ಕಾದದ್ದು ಇದಕ್ಕೇ ಎಂದು ತಿಳಿಯಿತು. ಯಾವ ಸೇತುವೆಯ ಮೇಲೂ ಯಾರೂ ಹೀಗೆ ನಡೆದು ಬಂದದ್ದನ್ನು ಅವನು ಕಂಡಿರಲಿಲ್ಲ. ಎಷ್ಟು ದೊಡ್ಡದು, ಎಷ್ಟು ಸದ್ದಿಲ್ಲದ್ದು. ಇದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ.

ಅವಳು ತೊಲೆಯ ತುದಿಯ ಬಿಳಿ ಅಂಗಿಯನ್ನು ನೋಡಿದಳು. ಕೈಗಳನ್ನು ಹಾಗೆಯೇ ಹಿಡಿದುಕೊಂಡು ತಿರುಗಿದಳು. ಅಂಗಳ ದಾಟಿದಳು. ಬಾಗಿಲು ಮುಚ್ಚಿತು, ಸದ್ದಾಗದಂತೆ.

ಅವನು ಕೆಳಗಿಳಿದ. ದೇವ್ಲೆತಾ ಒಲೆಯ ಮುಂದಿನಿಂದ ಎದ್ದಿದ್ದಳು. ಅವಳು ರಸ್ತೆಯನ್ನು ನೋಡಿದ್ದಳೋ ಇಲ್ಲವೋ ತಿಳಿಯುವಂತಿರಲಿಲ್ಲ. ಈಗ ನೆತ್ತಿಯನ್ನು ನೋಡುತ್ತಿದ್ದಳು, ಬಹಳ ಹೊತ್ತು.

“ಸ್ತೋಯ್ಕಾಗೆ ಇಸ್ತ್ರಿ ಹಾಕೋಕೆ ಬರ್ತಿರಲಿಲ್ಲ,” ಎಂದಳು. “ಯಾವಾಗ್ಲೂ ಕಾಲರ್ ಸುಡ್ತಿದ್ಲು.”

ಅವಳು ತಟ್ಟೆಯ ಮೇಲೆ ಇನ್ನೊಂದು ಕಾಫಿ ಲೋಟ ಇಟ್ಟಳು. ಸಕ್ಕರೆಯ ಉಂಡೆಯನ್ನು ಅದರ ಪಕ್ಕಕ್ಕೆ ಸರಿಸಿದಳು.

“ಹೋಗಿ ಕರ್ಕೊಂಡು ಬಾ, ಮಗಾ. ಅಂಗಿ ಕೊಟ್ಟೋಳು ಕಾಫಿ ಕುಡೀದೇ ಇರಬಾರದು.”

ಅವನು ಬೇಲಿಯ ತನಕ ಹೋದ. ಅಲ್ಲಿಂದ ಮುಂದಕ್ಕೆ ಕಾಲು ಬರಲಿಲ್ಲ. ಎದುರಿನ ಅಂಗಳದ ಒಲೆಯ ಮೇಲೆ ಮೆಣಸಿನಕಾಯಿ ಸೀಯುತ್ತಿತ್ತು. ಇಕ್ಕಳ ನೆಲದ ಮೇಲೆಯೇ ಇತ್ತು. ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಹೊಸ್ತಿಲ ಮೇಲಿನ ಗಂಟನ್ನು ದೇವ್ಲೆತಾ ಎತ್ತಿಕೊಳ್ಳಲಿಲ್ಲ, ಬಿಚ್ಚಲೂ ಇಲ್ಲ. ಚಾಲಕ ಅವಳ ಮುಖ ನೋಡಿದ. ಅವಳು ಎದುರುಮನೆಯ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದಳು.

ಕಣಿವೆಯಿಂದ ಗಾಳಿ ಎದ್ದಿತು. ನೆತ್ತಿಯ ಮೇಲೆ ಬಿಳಿ ಅಂಗಿ ಉಬ್ಬಿತು. ಎದೆ ತುಂಬಿಕೊಂಡಿತು, ತೋಳುಗಳು ಎದ್ದವು, ಒಂದು ಈ ಮನೆಯ ಕಡೆಗೆ, ಒಂದು ಆ ಮನೆಯ ಕಡೆಗೆ. ಗರಿಗರಿ ಕಾಲರಿನ ಮೇಲೆ, ತಲೆ ಇರಬೇಕಾದ ಕಡೆ, ಆಕಾಶವಿತ್ತು.