ಜವರಯ್ಯನವರನ್ನು ಕೂರಿಸಿದ ದಿಂಬು

ನಾನೊಂದು ಕೂರುವ ದಿಂಬು. ಹುಟ್ಟಿದ್ದು ಬೈಲಕುಪ್ಪೆಯ ಒಂದು ಸಣ್ಣ ಬೌದ್ಧ ಮಠದಲ್ಲಿ. ವಯಸ್ಸಾದ ಭಿಕ್ಷು ತೆಂಪಾ ತಮ್ಮ ಸವೆದ ಕೆಂಪು ವಸ್ತ್ರವನ್ನು ಕತ್ತರಿಸಿ, ಹತ್ತಿ ತುಂಬಿ, ಕೈಯಾರೆ ನನ್ನನ್ನು ಹೊಲಿದರು. ಹೊಲಿಗೆ ಸೊಟ್ಟಗಿದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಒಂದು ರಾತ್ರಿ ಮಠದಲ್ಲೇ ಉಳಿದು ಧ್ಯಾನ ಕಲಿಯಲು ಬರುವವರಿಗೆ ನನ್ನನ್ನು ಕೊಡುತ್ತಿದ್ದರು. ಯಾರ ಮನಸ್ಸು ಎಲ್ಲಿದೆ ಎಂಬುದು ಅವರು ಕೂತ ರೀತಿಯಲ್ಲೇ ನನಗೆ ತಿಳಿಯುತ್ತಿತ್ತು. ಒಂದು ಶನಿವಾರ ಸಂಜೆ ದೊಪ್ಪನೆ ಬಂದು ಕೂತವರು ಮೈಸೂರಿನ ಟ್ರಾಫಿಕ್ ಪೊಲೀಸ್ ಜವರಯ್ಯ. ಹೆಲ್ಮೆಟ್ ಇಲ್ಲದೆ ಸ್ಕೂಟರಿನಲ್ಲಿ ಬಂದ ಸ್ವಂತ ಮಗಳು ರೂಪಶ್ರೀಗೆ, ಅವಳ ಗೆಳತಿಯರೆದುರು, ನಡು ಸರ್ಕಲ್ಲಿನಲ್ಲೇ ಕೆನ್ನೆಗೆ ಬಾರಿಸಿದ್ದರು. ಅವಳು ಮಾತು ಬಿಟ್ಟು ಹಾಸ್ಟೆಲ್ ಸೇರಿ ಮೂರು ತಿಂಗಳಾಗಿತ್ತು. ಕ್ಷಮೆ ಕೇಳಲೆಂದು ಫೋನ್ ಮಾಡಿದವರು ಬೈದು ಇಟ್ಟಿದ್ದರಂತೆ.

"ಈ ಸಿಟ್ಗೆ ಏನಾರ ದಾರಿ ತೋರ್ಸಿ ಗುರುಗಳೇ" ಎಂದು ತೆಂಪಾ ಅವರನ್ನು ಕೇಳಿಕೊಂಡರು.

ಕಣ್ಣು ಮುಚ್ಚಿ ಐದು ನಿಮಿಷವೂ ಆಗಿರಲಿಲ್ಲ, ಜವರಯ್ಯನವರ ಬಲಗೈ ತಾನಾಗಿಯೇ ಮೇಲೆದ್ದಿತು, ಅಂಗೈ ಮುಂದಕ್ಕೆ. ಅಕ್ಕಪಕ್ಕದವರು ಕಿಸಕ್ಕೆಂದರು. ತೆಂಪಾ ನಗಲಿಲ್ಲ.

"ಏನ್ ಮಾಡ್ತಿದೀರಾ ಸಾರ್?"

"ಯೋಚ್ನೆಗಳು ನುಗ್ತಾವೆ. ನಿಲ್ಲಿಸ್ತಾ ಇವ್ನಿ."

"ನಿಲ್ಲಿಸಿದ್ರೆ ಜಾಮ್ ಆಗುತ್ತೆ. ಹೋಗ್ಲಿ ಬಿಡಿ. ನಂಬರೂ ಬರ್ಕೋಬೇಡಿ." ಹಾಗೆಂದು ಆ ಕೈಯನ್ನು ಮೆಲ್ಲಗೆ ಇಳಿಸಿ ತೊಡೆಯ ಮೇಲಿಟ್ಟರು.

ಬೆಳಗಿನ ಪ್ರಾರ್ಥನೆಯಲ್ಲಿ ಕೈ ಮತ್ತೆ ಎರಡು ಸಲ ಎದ್ದಿತು, ತಾನೇ ಇಳಿಯಿತು. ಇಪ್ಪತ್ತೈದು ವರ್ಷದ ಅಭ್ಯಾಸ ಅಷ್ಟಾದರೂ ಸಡಿಲಿತಲ್ಲ ಎಂದು ನನಗೆ ಹೆಮ್ಮೆಯಾಯಿತು. ಎಲ್ಲರೂ ತಿಂಡಿಗೆ ಹೋದ ಮೇಲೆ ಅವರು ನನ್ನ ಮೇಲೆ ಕೂತೇ ಫೋನ್ ಮಾಡಿದರು.

"ನಂದೇ ತಪ್ಪು ಕಣವ್ವ."

ಆಮೇಲೆ ಮಾತೆಲ್ಲ ರೂಪಶ್ರೀಯದೇ. ಸರ್ಕಲ್ಲಿನಲ್ಲಿ ನಕ್ಕವರು, ಕಾಲೇಜಿನಲ್ಲಿ ಆಡಿಕೊಂಡವರು, ಒಬ್ಬೊಬ್ಬರ ಹೆಸರನ್ನೂ ಹೇಳಿ ಅತ್ತಳು. ಜವರಯ್ಯ ನಡುವೆ ಬಾಯಿ ಹಾಕಲಿಲ್ಲ. ಬಲಗೈ ಏಳಲು ನೋಡಿದಾಗ ಅದನ್ನು ತೊಡೆಯಡಿಗೆ ಸೇರಿಸಿ ನನ್ನ ಮೇಲೆ ಒತ್ತಿ ಹಿಡಿದರು. ಎಷ್ಟೋ ಜನ ಅಲ್ಲಾಡದೆ ಕೂತದ್ದನ್ನು ಕಂಡಿದ್ದೇನೆ, ಅಷ್ಟು ಕಷ್ಟಪಟ್ಟು ಕೂತವರನ್ನು ಕಂಡಿಲ್ಲ.

ಈಗ ನನ್ನ ಹತ್ತಿ ಚಪ್ಪಟೆಯಾಗಿದೆ. ಉಗ್ರಾಣದ ಮೂಲೆಯಲ್ಲಿದ್ದೆ. ಹೋದ ತಿಂಗಳು ಜವರಯ್ಯ ಬಂದು, ಹುಡುಕಿ, ನನ್ನ ಧೂಳು ಕೊಡವಿ ಧ್ಯಾನದ ಕೋಣೆಗೆ ಒಯ್ದರು. ತಾವು ಬರೀ ನೆಲದ ಮೇಲೆ ಕೂತರು.

"ಇದ್ರ ಮೇಲೆ ಕೂತ್ಕೊ ರೂಪ. ನನ್ನ ಕೂರ್ಸಿದ್ದು ಇದೇಯ."

ಅವಳು ಕೂತಳು. ನನ್ನಲ್ಲಿ ಉಳಿದಿದ್ದಷ್ಟು ಹತ್ತಿಯಲ್ಲೇ ಆದಷ್ಟೂ ಮೆತ್ತಗಾದೆ.